ಒಳಭೂಮಿಯ ಬಂಡೆ ಹರಿಯುವುದನ್ನು ಪ್ರಯೋಗಾಲಯದಲ್ಲಿ ನೋಡುವುದು ಹೇಗೆ?

ಸ್ವೀಡನ್‌ನ ಉತ್ತರದ ಕಡಲತೀರ ಈಗಲೂ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಮೇಲೇಳುತ್ತಿದೆ. ಹಿಮಯುಗದ ಮಂಜುಗಡ್ಡೆ ಕರಗಿ, ಭಾರ ಇಳಿದು ಸಾವಿರಾರು ವರ್ಷಗಳಾದವು. ನೆಲ ಮಾತ್ರ ಏಳುತ್ತಲೇ ಇದೆ. ಅಂದರೆ ಅದರಡಿಯ ಬಂಡೆ ಘನವಾಗಿದ್ದೂ ನಿಧಾನಕ್ಕೆ ಹರಿಯುತ್ತದೆ. 1935ರಲ್ಲಿ ನಾರ್ಮನ್ ಹ್ಯಾಸ್ಕೆಲ್ ಈ ಏರಿಕೆಯಿಂದಲೇ ಆ ಬಂಡೆಯ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ಒಡ್ಡುವ ತಡೆಯನ್ನು, ಲೆಕ್ಕ ಹಾಕಿದರು. ಆದರೆ ಅಲ್ಲಿ ಯಾವ ಖನಿಜ ಹೇಗೆ ಬಾಗುತ್ತದೆ? ಕೊರೆದು ನೋಡುವಂತಿಲ್ಲ. ರಷ್ಯಾದ ಕೋಲಾ ಬಾವಿ 12 ಕಿ.ಮೀ. ದಾಟಿದ ಮೇಲೆ ನಿಂತೇಹೋಯಿತು. ಈ ಬಂಡೆಯ ಪದರ, ಅಂದರೆ ಹೊದಿಕೆ, ಮುಗಿದು ಭೂಮಿಯ ತಿರುಳು ಶುರುವಾಗುವುದೇ ಸುಮಾರು 2,900 ಕಿ.ಮೀ. ಆಳದಲ್ಲಿ.

ಹಾಗಾಗಿ ಅಷ್ಟು ಆಳದ ಒತ್ತಡವನ್ನೇ ಮೇಲೆ ಹುಟ್ಟಿಸಬೇಕಾಯಿತು. ಹಾರ್ವರ್ಡ್‌ನ ಪರ್ಸಿ ಬ್ರಿಜ್‌ಮನ್ ವಾತಾವರಣದ ಲಕ್ಷ ಪಟ್ಟು ಒತ್ತಡದವರೆಗೂ ಹೋದರು. 1946ರಲ್ಲಿ ನೊಬೆಲ್ ಬಂತು. 1950ರ ದಶಕದ ಕೊನೆಗೆ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನವರು ಎರಡು ವಜ್ರಗಳ ತುದಿಗಳ ನಡುವೆ ವಸ್ತುವನ್ನು ಹಿಂಡಿದರು. ವಜ್ರ ಪಾರದರ್ಶಕ ಅಲ್ವಾ, ಒಳಗೆ ಆಗುವುದೆಲ್ಲ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಕೋಣೆಯ ಬಿಸಿಯಲ್ಲೇ, ಬರೀ ಒತ್ತಡಕ್ಕೆ ನೀರು ಹರಳುಗಟ್ಟಿ ಮಂಜುಗಡ್ಡೆಯಾಗುವುದನ್ನು ಅಲ್ಲಿ ಕಣ್ಣಾರೆ ನೋಡಬಹುದಿತ್ತು.

ನನಗೆ ನಿಜವಾಗಿ ಕುತೂಹಲ ಹುಟ್ಟಿಸುವುದು ಇದರ ಮುಂದಿನ ಕೆಲಸ. ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ಹರಳು ಸುಮ್ನೆ ಚಿಕ್ಕದಾಗುತ್ತದೆ, ಆಕಾರ ಕೆಡುವುದಿಲ್ಲ. ಅದು ಹರಿಯಬೇಕಾದರೆ ಒಂದು ದಿಕ್ಕಿನಲ್ಲಿ ಜಾಸ್ತಿ ಒತ್ತಬೇಕು, ಉಳಿದ ಒತ್ತಡವನ್ನೂ ಬಿಡಬಾರದು. 2003ರಲ್ಲಿ ಯಾನ್‌ಬಿನ್ ವಾಂಗ್ ಮತ್ತು ಸಂಗಡಿಗರು ವಿವರಿಸಿದ ಡಿ-ಡಿಯಾ ಯಂತ್ರದಲ್ಲಿ ಆರು ಅಡಿಗಲ್ಲುಗಳಿವೆ, ಅಂದರೆ ಮಾದರಿಯನ್ನು ಒತ್ತುವ ಗಟ್ಟಿ ತುಂಡುಗಳು. ಮೇಲಿನ, ಕೆಳಗಿನ ಎರಡು ಮುಂದೆ ಬರುವಾಗ ಪಕ್ಕದ ನಾಲ್ಕು ಹಿಂದೆ ಸರಿಯುತ್ತವೆ. ಮಾದರಿಯ ಎರಡೂ ತುದಿಗೆ ತೆಳುವಾದ ಲೋಹದ ಹಾಳೆ ಇಡುತ್ತಾರೆ. ಎಕ್ಸ್-ರೇ ಚಿತ್ರದಲ್ಲಿ ಅವು ಕಪ್ಪು ಗೆರೆಗಳಾಗಿ ಕಾಣುತ್ತವೆ. ಗೆರೆಗಳು ಹತ್ತಿರವಾದಷ್ಟೂ ಬಂಡೆ ಚಪ್ಪಟೆಯಾಗಿದೆ ಎಂದರ್ಥ.

ಇನ್ನೂ ಆಳದ ಒತ್ತಡಕ್ಕೆ ಶುನ್-ಇಚಿರೊ ಕರಾಟೊ ಮತ್ತು ಡೈಸುಕೆ ಯಮಝಾಕಿ ಬೇರೆ ದಾರಿ ಹಿಡಿದರು. ಬೀಸುಕಲ್ಲಿನ ಹಾಗೆ ಒಂದು ಅಡಿಗಲ್ಲು ತಿರುಗುತ್ತದೆ, ನಡುವಿನ ಮಾದರಿ ತಿರುಚಿಕೊಳ್ಳುತ್ತದೆ. 2016ರಲ್ಲಿ ಕರಾಟೊ ಅವರ ಯೇಲ್ ತಂಡ ಕೆಳಹೊದಿಕೆಯ (ಹೊದಿಕೆಯ ಆಳದ ಭಾಗದ) ಎರಡು ಮುಖ್ಯ ಖನಿಜಗಳನ್ನು ಒಟ್ಟಿಗೆ ಹೀಗೆ ತಿರುಚಿತು. ಅವುಗಳಲ್ಲಿ ಬ್ರಿಜ್‌ಮನೈಟ್ ಬಹಳ ಗಟ್ಟಿ ಎಂದು ಗೊತ್ತಾಯಿತು (2014ರಲ್ಲಿ ಬ್ರಿಜ್‌ಮನ್ ಅವರದೇ ಹೆಸರು ಪಡೆದ ಖನಿಜ ಇದು). ಆಕಾರ ಕೆಟ್ಟಿದ್ದು ಹೆಚ್ಚಾಗಿ ಮೆದುವಾದ ಮ್ಯಾಗ್ನೀಸಿಯೋವುಸ್ಟೈಟ್‌ದು. ಹೀಗೆ ಮೆದು ಪಟ್ಟಿಗಳಲ್ಲಷ್ಟೇ ಹರಿವು ನಡೆಯುವುದಾದರೆ, ನಡುವೆ ಹಳೆಯ ಬಂಡೆಯ ದೊಡ್ಡ ತುಂಡುಗಳು ಕಲಸಿಹೋಗದೆ ಉಳಿದಿರಬಹುದು.

ಒಂದು ತೊಡಕು ಉಳಿದೇ ಇದೆ. ಪ್ರಯೋಗ ಕೆಲವು ಗಂಟೆಗಳಲ್ಲಿ ಮುಗಿಯಬೇಕು. ಹಾಗಾಗಿ ಬಂಡೆಯನ್ನು ಭೂಮಿಯೊಳಗಿನ ವೇಗಕ್ಕಿಂತ ಸುಮಾರು ಸಾವಿರ ಕೋಟಿ ಪಟ್ಟು ಬೇಗ ಬಾಗಿಸುತ್ತಾರೆ. ನಡುವಿನ ಅಂತರವನ್ನು ಸದ್ಯಕ್ಕೆ ಲೆಕ್ಕದಿಂದಲೇ ದಾಟಬೇಕು.