ಮುಸ್ಲಿಮರು ತೌರಾತನ್ನು ನಂಬುತ್ತಾರೆ ಅಂದರೆ ಏನು ಅರ್ಥ?

ಓದುಗರ ಪ್ರಶ್ನೆ: ನನ್ನ ಮುಸ್ಲಿಂ ಗೆಳೆಯ ಯಹೂದಿಗಳ ತೋರಾವನ್ನೂ ದೇವರು ಕಳಿಸಿದ ಗ್ರಂಥ ಅಂತಾನೆ. ಆದರೆ ಅವನ ಮನೆಯಲ್ಲಿ ಅದರ ಒಂದು ಪ್ರತಿಯೂ ಇಲ್ಲ. ಕೇಳಿದರೆ ‘ಅದನ್ನು ಬದಲಾಯಿಸಿಬಿಟ್ಟಿದ್ದಾರೆ’ ಅಂತಾನೆ. ಹಾಗಾದರೆ ನಂಬುತ್ತೇವೆ ಅನ್ನುವ ಮಾತಿಗೆ ಏನು ಅರ್ಥ?

ಒಳ್ಳೆಯ ಪ್ರಶ್ನೆ. ನನಗೂ ಇದನ್ನು ಬಹಳ ಜನ ಕೇಳಿದ್ದಾರೆ. ನಿಮ್ಮ ಗೆಳೆಯ ಹೇಳಿದ ಎರಡು ಮಾತಿನಲ್ಲಿ ಮೊದಲನೆಯದು ಪೂರ್ತಿ ಸರಿ. ಎರಡನೆಯದು ಅವಸರದ ಮಾತು.

ಮೊದಲನೆಯದನ್ನು ನೋಡೋಣ. ಮದ್ರಸಕ್ಕೆ ಹೋಗುವ ಮಗು ಚಾಪೆಯ ಮೇಲೆ ಕೂತು ಮೈ ತೂಗುತ್ತಾ ಬಾಯಿಪಾಠ ಮಾಡುವ ಸಾಲೊಂದಿದೆ. ‘ಆಮಂತು ಬಿಲ್ಲಾಹಿ, ವ ಮಲಾಇಕತಿಹೀ, ವ ಕುತುಬಿಹೀ, ವ ರುಸುಲಿಹೀ...’ ಅಲ್ಲಾಹನನ್ನು, ಅವನ ದೇವಚರರನ್ನು, ಅವನ ಗ್ರಂಥಗಳನ್ನು, ಅವನ ದೂತರನ್ನು ನಂಬಿದೆ ಎಂದು ಅರ್ಥ. ಇಲ್ಲಿ ‘ಕುತುಬ್’ ಅನ್ನುವ ಪದವನ್ನು ಗಮನಿಸಿ. ಕಿತಾಬ್ ಅಂದರೆ ಒಂದು ಗ್ರಂಥ, ಕುತುಬ್ ಅಂದರೆ ಹಲವು. ಕುರ್‌ಆನ್ ಒಂದನ್ನೇ ನಂಬುತ್ತೇನೆ, ಹಿಂದಿನವು ಬೇಡ ಅಂದರೆ ಆ ಸಾಲೇ ಮುರಿದುಹೋಗುತ್ತದೆ. ಮೂಸಾ (ಬೈಬಲಿನ ಮೋಶೆ) ಅವರಿಗೆ ತೌರಾತ್ (ತೋರಾಕ್ಕೆ ಅರಬಿ ಹೆಸರು), ದಾವೂದ್ (ದಾವೀದ) ಅವರಿಗೆ ಝಬೂರ್, ಈಸಾ (ಯೇಸು) ಅವರಿಗೆ ಇಂಜೀಲ್, ಕೊನೆಗೆ ಮುಹಮ್ಮದ್ (ಸ) ಅವರಿಗೆ ಕುರ್‌ಆನ್. ಕಳಿಸಿದವನು ಒಬ್ಬನೇ.

ಕುರ್‌ಆನಿನಲ್ಲಿ ಅತಿ ಹೆಚ್ಚು ಸಲ ಬರುವ ಪ್ರವಾದಿಯ ಹೆಸರು ಯಾರದು ಗೊತ್ತಾ? ಮೂಸಾ. 136 ಸಲ ಬರುತ್ತದೆ. ‘ತೌರಾತ್’ ಎಂಬ ಪದ 18 ಸಲ ಬರುತ್ತದೆ. ಶುಕ್ರವಾರದ ಜುಮಾ ನಮಾಝಿನಲ್ಲಿ ಬಹಳ ಕಡೆ ಇಮಾಮರು ಓದುವ ‘ಅಲ್ ಅಅ್‌ಲಾ’ ಅಧ್ಯಾಯ ಮುಗಿಯುವುದೇ ‘ಸುಹುಫಿ ಇಬ್ರಾಹೀಮ ವ ಮೂಸಾ’ ಎಂದು. ಇಬ್ರಾಹೀಮ್ ಮತ್ತು ಮೂಸಾ ಅವರ ಹಾಳೆಗಳಲ್ಲೂ ಇದೇ ಮಾತು ಇತ್ತು ಎಂದು ಅರ್ಥ. ನಮ್ಮೂರುಗಳಲ್ಲಿ ಮೂಸಾ, ಹಾರೂನ್, ಯೂಸುಫ್, ಯಾಕೂಬ್ ಎಂಬ ಹೆಸರಿನವರು ಎಷ್ಟು ಜನ ಇದ್ದಾರೆ ಲೆಕ್ಕ ಹಾಕಿ. ಮಂಗಳೂರು ಕಡೆಯ ಮೂಸಬ್ಬ ಅನ್ನುವ ಹೆಸರಿನೊಳಗೂ ಅದೇ ಮೂಸಾ ಇದ್ದಾರೆ.

ಇನ್ನು ‘ತೌರಾತ್’ ಅಂದರೆ ಯಾವುದು? ಗೊಂದಲ ಹುಟ್ಟುವುದು ಇಲ್ಲೇ. ಯಹೂದಿಗಳಿಗೆ ತೋರಾ ಅಂದರೆ ಮೊದಲಿಗೆ ಐದು ಪುಸ್ತಕ. ಕನ್ನಡ ಬೈಬಲ್ ತೆರೆದರೆ ಮೊದಲಿಗೆ ಸಿಗುವುದೂ ಅವೇ: ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ಇವುಗಳಲ್ಲಿ ಮೂಸಾ ಅವರ ಮಾತೂ ಇದೆ, ಅವರ ಬಗ್ಗೆ ಬೇರೆಯವರು ಕಥೆ ಹೇಳುವಂಥ ಭಾಗವೂ ಇದೆ. ಧರ್ಮೋಪದೇಶಕಾಂಡದ 34ನೇ ಅಧ್ಯಾಯದಲ್ಲಿ ಮೂಸಾ ತೀರಿಕೊಂಡದ್ದು, ಅವರನ್ನು ಮಣ್ಣು ಮಾಡಿದ್ದು, ಆ ಸಮಾಧಿ ಎಲ್ಲಿದೆ ಎಂದು ಇವತ್ತಿಗೂ ಯಾರಿಗೂ ತಿಳಿಯದು ಎಂಬುದು ಎಲ್ಲವೂ ಬರೆದಿದೆ. ಇದನ್ನು ಮೂಸಾ ಅವರೇ ಬರೆದರಾ ಎಂದು ಯಹೂದಿ ಪಂಡಿತರೇ ಕೇಳಿಕೊಂಡಿದ್ದರು. ಕೊನೆಯ ಎಂಟು ವಚನಗಳನ್ನು ಮೂಸಾ ಅವರ ನಂತರ ಮುಂದಾಳಾದ ಯೆಹೋಶುವ ಬರೆದ ಎಂಬ ಉತ್ತರ ಯಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಲ್ಮೂದಿನಲ್ಲೇ ಇದೆ.

ಮುಸ್ಲಿಮರಿಗೆ ತೌರಾತ್ ಅಂದರೆ ಮೂಸಾ ಅವರ ಮೇಲೆ ಇಳಿದ ದೇವವಾಣಿ. ಮೂಸಾ ಅವರಿಗೆ ಕೊಟ್ಟದ್ದನ್ನು ಹೇಳುವಾಗ ಕುರ್‌ಆನ್ ಹೆಚ್ಚಾಗಿ ‘ಗ್ರಂಥ’ ಅನ್ನುತ್ತದೆ, ಕೆಲವು ಕಡೆ ‘ಫುರ್ಕಾನ್’ (ಸರಿ ತಪ್ಪನ್ನು ಬೇರೆ ಮಾಡುವಂಥದ್ದು) ಅನ್ನುತ್ತದೆ, 7ನೇ ಅಧ್ಯಾಯದಲ್ಲಿ ‘ಹಲಗೆಗಳು’ ಅನ್ನುತ್ತದೆ. ಆ ವಾಣಿ ಈಗಿನ ಐದು ಪುಸ್ತಕಗಳ ಒಳಗೆ ಇದೆ. ಆದರೆ ಐದು ಪುಸ್ತಕದ ಅಕ್ಷರ ಅಕ್ಷರವೂ ಅದೇ ಅಲ್ಲ. ಬಹುಪಾಲು ಮುಸ್ಲಿಂ ವಿದ್ವಾಂಸರ ನಿಲುವು ಇದು. ನಂಬುತ್ತೇವೆ ಎಂಬ ಮಾತು ಮತ್ತು ಕಪಾಟಿನಲ್ಲಿ ಪುಸ್ತಕ ಇಲ್ಲದಿರುವುದು, ಎರಡೂ ಒಟ್ಟಿಗೆ ಇರಲು ಸಾಧ್ಯವಾದದ್ದು ಹೀಗೆ.

ಕುರ್‌ಆನಿನ 5ನೇ ಅಧ್ಯಾಯ ಅಲ್ ಮಾಇದವನ್ನು 43ರಿಂದ 48ರವರೆಗೆ ನಿಧಾನವಾಗಿ ಓದಬೇಕು. ಇಡೀ ವಿಷಯ ಈ ಆರು ವಚನಗಳಲ್ಲಿದೆ. ಮದೀನಾದ ಕೆಲವು ಯಹೂದಿಗಳು ಒಂದು ವ್ಯಾಜ್ಯವನ್ನು ಪ್ರವಾದಿಯವರ ಹತ್ತಿರ ತಂದಿದ್ದರು. ಆಗ ಬಂದ ವಚನ ಕೇಳುತ್ತದೆ: ಅಲ್ಲಾಹನ ತೀರ್ಪು ಇರುವ ತೌರಾತ್ ಅವರ ಬಳಿಯೇ ಇರುವಾಗ, ನಿಮ್ಮನ್ನು ಯಾಕೆ ತೀರ್ಪುಗಾರರನ್ನಾಗಿ ಮಾಡುತ್ತಿದ್ದಾರೆ? ನಂತರದ ವಚನದಲ್ಲಿ, ತೌರಾತನ್ನು ಇಳಿಸಿದವರು ನಾವೇ, ಅದರಲ್ಲಿ ಮಾರ್ಗದರ್ಶನವೂ ಬೆಳಕೂ ಇದೆ ಎಂದು ಬರುತ್ತದೆ. ಮುಂದೆ ತೌರಾತಿನ ಕಾನೂನೇ ಬರುತ್ತದೆ: ಜೀವಕ್ಕೆ ಜೀವ, ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು. ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿರುವುದೂ ಇದೇ. ಕುರ್‌ಆನ್ ಇದಕ್ಕೆ ಒಂದು ಮಾತು ಸೇರಿಸುತ್ತದೆ: ಯಾರಾದರೂ ಕ್ಷಮಿಸಿ ಬಿಟ್ಟುಕೊಟ್ಟರೆ ಅದು ಅವರ ಪಾಪಕ್ಕೆ ಪರಿಹಾರ.

ಆಮೇಲೆ 48ನೇ ವಚನ. ಕುರ್‌ಆನ್ ತನಗೂ ಹಿಂದಿನ ಗ್ರಂಥಕ್ಕೂ ಇರುವ ನಂಟನ್ನು ಎರಡು ಪದಗಳಲ್ಲಿ ಹೇಳುತ್ತದೆ. ಒಂದು ‘ಮುಸದ್ದಿಕ್’, ಅಂದರೆ ಅದು ನಿಜ ಎಂದು ದೃಢಪಡಿಸುವಂಥದ್ದು. ಇನ್ನೊಂದು ‘ಮುಹೈಮಿನ್’. ಈ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಸಿಗುವುದು ಕಷ್ಟ. ಕಾವಲು ಕಾಯುವವನು, ಸಾಕ್ಷಿಯಾಗಿ ನಿಂತವನು, ಮೇಲ್ವಿಚಾರಣೆ ಮಾಡುವವನು ಎಲ್ಲವೂ ಸೇರಿದ ಪದ ಅದು. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರು ಏನು ಹೇಳಿದ್ದರು ಎಂದು ತಕರಾರು ಬಂದರೆ, ಹತ್ತಿರದಲ್ಲಿ ಕೂತು ಕೇಳಿದ್ದವರ ಮಾತು ನಿಲ್ಲುತ್ತದೆ ಅಲ್ವಾ, ಸುಮಾರಾಗಿ ಹಾಗೆ. ಮುಸ್ಲಿಮನೊಬ್ಬ ತೌರಾತನ್ನು ನೋಡುವುದು ಈ ಸಾಕ್ಷಿಯ ಪಕ್ಕದಲ್ಲಿ ನಿಂತು. ಕುರ್‌ಆನ್ ಹೌದು ಅಂದದ್ದಕ್ಕೆ ಹೌದು. ಅಲ್ಲ ಅಂದದ್ದಕ್ಕೆ ಅಲ್ಲ. ಅದು ಸುಮ್ಮನಿದ್ದ ಕಡೆ ಇವನೂ ಸುಮ್ಮನಿರುತ್ತಾನೆ.

ಈಗ ‘ಬದಲಾಯಿಸಿಬಿಟ್ಟಿದ್ದಾರೆ’ ಎಂಬ ಮಾತಿಗೆ ಬರೋಣ. ಇದಕ್ಕೆ ಅರಬಿಯಲ್ಲಿ ‘ತಹ್ರೀಫ್’ ಅನ್ನುತ್ತಾರೆ. ಮಾತನ್ನು ಅದರ ಜಾಗದಿಂದ ಸರಿಸುತ್ತಾರೆ ಎಂದು ಕುರ್‌ಆನ್ 4:46ರಲ್ಲೂ 5:13ರಲ್ಲೂ ಹೇಳುತ್ತದೆ. ತಮ್ಮ ಕೈಯಿಂದ ಬರೆದು ಇದು ದೇವರದು ಎಂದು ಹೇಳುವವರಿಗೆ ಕೇಡು ಎಂದು 2:79ರಲ್ಲಿ ಇದೆ. ಆದರೆ ಸರಿಸುವುದು ಅಂದರೆ ಹೇಗೆ? ಅಕ್ಷರವನ್ನೇ ತಿದ್ದುವುದಾ, ಅಥವಾ ಅರ್ಥವನ್ನು ತಿರುಚುವುದಾ?

ಮದೀನಾದ ಒಂದು ಘಟನೆ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹಗಳಲ್ಲಿದೆ. ವ್ಯಭಿಚಾರದ ಆರೋಪ ಇದ್ದ ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಯಹೂದಿಗಳು ಪ್ರವಾದಿಯವರ ಬಳಿ ಕರೆತಂದರು. ತೌರಾತಿನಲ್ಲಿ ಇದಕ್ಕೆ ಏನಿದೆ ಎಂದು ಪ್ರವಾದಿ ಕೇಳಿದರು. ಗ್ರಂಥವನ್ನು ತಂದರು. ಓದುತ್ತಿದ್ದವನು ಕಲ್ಲೆಸೆತದ ಶಿಕ್ಷೆ ಇರುವ ವಚನದ ಮೇಲೆ ಅಂಗೈ ಇಟ್ಟು, ಅದರ ಹಿಂದಿನದನ್ನೂ ಮುಂದಿನದನ್ನೂ ಓದಿದ. ಅಬ್ದುಲ್ಲಾಹ್ ಇಬ್ನ್ ಸಲಾಮ್ ಎಂಬವರು ಅಲ್ಲಿದ್ದರು. ಅವರು ಯಹೂದಿ ವಿದ್ವಾಂಸರಾಗಿದ್ದು ಇಸ್ಲಾಮ್ ಸ್ವೀಕರಿಸಿದವರು. ‘ಕೈ ಎತ್ತು’ ಅಂದರು. ಕೈ ಎತ್ತಿದಾಗ ವಚನ ಅಲ್ಲೇ ಇತ್ತು.

ವಚನ ಅಲ್ಲೇ ಇತ್ತು, ಮುಚ್ಚಿದ್ದು ಕೈ. ನನಗೆ ಈ ಘಟನೆ ಬಹಳ ಮುಖ್ಯ ಅನ್ನಿಸುವುದು ಇದಕ್ಕೇ. ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿ ಇದೇ ಘಟನೆಯ ಇನ್ನೊಂದು ವರದಿ ಇದೆ. ಪ್ರವಾದಿಯವರು ಕೂತಿದ್ದ ದಿಂಬನ್ನು ತೆಗೆದು, ಅದರ ಮೇಲೆ ತೌರಾತನ್ನು ಇಟ್ಟು, ‘ನಿನ್ನನ್ನೂ ನಿನ್ನನ್ನು ಇಳಿಸಿದವನನ್ನೂ ನಂಬಿದ್ದೇನೆ’ ಎಂದರು ಎಂದು ಅಲ್ಲಿ ಬರುತ್ತದೆ. ಎದುರಿಗಿದ್ದ ಪುಸ್ತಕಕ್ಕೇ ಹೇಳಿದ ಮಾತು ಅದು.

ಹೀಗಿರುವುದರಿಂದಲೇ ವಿದ್ವಾಂಸರಲ್ಲಿ ಎರಡು ದಾರಿ ಆಯಿತು. ದೇವರ ಗ್ರಂಥದ ಪದವನ್ನು ಯಾರೂ ಅಳಿಸಲಾರರು, ಅರ್ಥವನ್ನು ತಪ್ಪಾಗಿ ಹೇಳುತ್ತಾರೆ ಅಷ್ಟೆ ಎಂಬ ಟಿಪ್ಪಣಿ ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಅದೇ ಸಂಗ್ರಹದಲ್ಲಿ, ಅವರು ಕೈಯಿಂದ ಬರೆದು ಬದಲಾಯಿಸಿದರು ಎಂಬ ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸರ ಮಾತೂ ಇದೆ. 11ನೇ ಶತಮಾನದಲ್ಲಿ ಸ್ಪೇನಿನ ಕೊರ್ಡೋಬಾದ ವಿದ್ವಾಂಸ ಇಬ್ನ್ ಹಝ್ಮ್ ಐದು ಪುಸ್ತಕಗಳನ್ನು ಸಾಲು ಸಾಲಾಗಿ ಹಿಡಿದು, ವಯಸ್ಸು, ಜನಸಂಖ್ಯೆಗಳ ಲೆಕ್ಕ ತಾಳೆಯಾಗದ್ದನ್ನು ತೋರಿಸಿ, ಪಠ್ಯವೇ ಕೆಟ್ಟಿದೆ ಎಂದು ವಾದಿಸಿದರು. 1210ರಲ್ಲಿ ತೀರಿಕೊಂಡ ಫಖ್ರುದ್ದೀನ್ ರಾಝಿ ಅರ್ಥದ ತಿರುಚಾಟದ ಕಡೆಗೆ ವಾಲಿದರು. ಕೈರೋದ ಅಲ್ ಬಿಕಾಈ ಎಂಬವರು 15ನೇ ಶತಮಾನದಲ್ಲಿ ಕುರ್‌ಆನ್ ವ್ಯಾಖ್ಯಾನ ಬರೆಯುವಾಗ ಬೈಬಲಿನ ಉದ್ದುದ್ದ ಭಾಗಗಳನ್ನೇ ಎತ್ತಿ ಕೊಟ್ಟರು. ಅದಕ್ಕೆ ದೊಡ್ಡ ಗಲಾಟೆಯಾಯಿತು. ಅವರು ಹಿಂದೆ ಸರಿಯದೆ, ತಾನು ಮಾಡಿದ್ದು ಸರಿ ಎಂದು ಬೇರೆ ಪುಸ್ತಕವನ್ನೇ ಬರೆದರು. ನಮ್ಮ ದೇಶದಲ್ಲಿ ಸರ್ ಸೈಯದ್ ಅಹ್ಮದ್ ಖಾನ್ 1862ರಲ್ಲಿ ಬೈಬಲಿಗೆ ಮುಸ್ಲಿಂ ವ್ಯಾಖ್ಯಾನವೊಂದನ್ನು ಪ್ರಕಟಿಸಿದರು. ಅವರೂ ತಹ್ರೀಫ್ ಹೆಚ್ಚಾಗಿ ಅರ್ಥದಲ್ಲಿ ಆದದ್ದು ಎಂಬ ಕಡೆಯವರು.

1947ರಿಂದ ಮೃತ ಸಮುದ್ರದ ಹತ್ತಿರದ ಗುಹೆಗಳಲ್ಲಿ ಸಿಕ್ಕ ಸುರುಳಿಗಳನ್ನೂ ಮರೆಯಬಾರದು. ಅವುಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ತೋರಾ ಭಾಗಗಳಿವೆ. ಅಲ್ಲಲ್ಲಿ ಪಾಠಾಂತರ ಇದ್ದರೂ ಬಹುಮಟ್ಟಿಗೆ ಈಗಿನ ಪಠ್ಯವೇ. ಅಂದರೆ ಪ್ರವಾದಿಯವರ ಕಾಲದ ನಂತರ ಯಾರೋ ಕೂತು ಇಡೀ ತೋರಾವನ್ನು ಬದಲಿಸಿದರು ಎಂಬುದು ನಿಲ್ಲುವ ಮಾತಲ್ಲ. ‘ಎಲ್ಲ ಬದಲಾಯಿಸಿದ್ದಾರೆ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಾಗದು. ‘ತೌರಾತನ್ನು ತಂದು ಓದಿರಿ’ ಎಂದು 3:93ರಲ್ಲಿ ಸವಾಲು ಹಾಕುವ ಕುರ್‌ಆನ್, ಅದನ್ನು ರದ್ದಿ ಕಾಗದದ ಹಾಗೆ ನೋಡುವುದಿಲ್ಲ.

ಕುರ್‌ಆನ್ ತೌರಾತಿನ ಕಥೆಗಳನ್ನು ಹೇಗೆ ಹೇಳುತ್ತದೆ ಎಂದು ನೋಡಿದರೆ ‘ಮುಹೈಮಿನ್’ ಪದ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮೂಸಾ ಕೈಯನ್ನು ಉಡುಪಿನೊಳಗೆ ಇಟ್ಟು ತೆಗೆದಾಗ ಅದು ಬೆಳ್ಳಗಾದದ್ದು ಎರಡರಲ್ಲೂ ಇದೆ. ವಿಮೋಚನಕಾಂಡದಲ್ಲಿ ಅದು ಕುಷ್ಠ ಹಿಡಿದು ಹಿಮದ ಹಾಗೆ ಬೆಳ್ಳಗಾಗುತ್ತದೆ. ಕುರ್‌ಆನ್ 20:22ರಲ್ಲಿ ‘ಮಿನ್ ಗೈರಿ ಸೂಇನ್’ ಅನ್ನುತ್ತದೆ, ಯಾವ ಕೇಡೂ ಇಲ್ಲದೆ ಎಂದು. ಮೂರೇ ಪದ, ರೋಗದ ಮಾತು ಹೋಯಿತು. ಮೂಸಾ ಇಲ್ಲದಾಗ ಜನ ಪೂಜಿಸಿದ ಚಿನ್ನದ ಕರುವಿನ ಕಥೆಯೂ ಹಾಗೇ. ವಿಮೋಚನಕಾಂಡದ 32ನೇ ಅಧ್ಯಾಯದಲ್ಲಿ ಜನರ ಓಲೆಗಳನ್ನು ತೆಗೆದುಕೊಂಡು ಕರು ಮಾಡಿದವನು ಮೂಸಾ ಅವರ ಅಣ್ಣ ಆರೋನ (ಅರಬಿಯಲ್ಲಿ ಹಾರೂನ್). ಕುರ್‌ಆನಿನಲ್ಲಿ ಮಾಡಿದವನು ಸಾಮಿರಿ ಎಂಬವನು. ಹಾರೂನ್ ಬೇಡ ಬೇಡ ಎಂದು ತಡೆದವರು. ಜನ ನನ್ನನ್ನು ಕೊಂದೇಬಿಡುತ್ತಿದ್ದರು ಎಂದು ಅಣ್ಣತಮ್ಮಂದಿರ ನಡುವೆ ಮಾತಾಗುತ್ತದೆ. ಪ್ರವಾದಿಯೊಬ್ಬರು ವಿಗ್ರಹ ಮಾಡಲಾರರು ಎಂಬುದು ಇಲ್ಲಿನ ನಿಲುವು. ಆರು ದಿನದ ಸೃಷ್ಟಿ ಮುಗಿಸಿ ಏಳನೆಯ ದಿನ ದೇವರು ವಿಶ್ರಮಿಸಿಕೊಂಡ ಎಂದು ಆದಿಕಾಂಡ ಹೇಳಿದರೆ, ಆರು ದಿನದಲ್ಲಿ ಸೃಷ್ಟಿಸಿದೆವು, ನಮಗೆ ಯಾವ ದಣಿವೂ ತಾಗಲಿಲ್ಲ ಎಂದು ಕುರ್‌ಆನ್ 50:38 ಹೇಳುತ್ತದೆ. ಯಹೂದಿಗಳು ದೇವರಿಗೆ ದಣಿವಾಯಿತು ಎಂದು ನಂಬುತ್ತಾರೆ ಅಂತ ಇದಕ್ಕೆ ಅರ್ಥ ಮಾಡಬಾರದು. ಈಜಿಪ್ಟಿನಲ್ಲಿ ಅರಬಿಯಲ್ಲಿ ಬರೆದ ಯಹೂದಿ ಮಹಾಪಂಡಿತ ಮೈಮೊನಿಡಿಸ್, ಅಲ್ಲಿ ವಿಶ್ರಾಂತಿ ಅಂದರೆ ಸೃಷ್ಟಿಯ ಕೆಲಸ ನಿಂತದ್ದು ಎಂದೇ ವಿವರಿಸಿದ್ದಾನೆ.

ಹಾಗಾದರೆ ಓದಬಾರದು ಅಂತ ಇದೆಯಾ? ಗ್ರಂಥದವರು (ಇಲ್ಲಿ ಯಹೂದಿಗಳು) ಹೀಬ್ರೂವಿನಲ್ಲಿ ತೌರಾತ್ ಓದಿ ಅರಬಿಯಲ್ಲಿ ವಿವರಿಸುತ್ತಿದ್ದಾಗ, ಅವರು ಹೇಳಿದ್ದನ್ನು ನಿಜ ಎಂದೂ ಅನ್ನಬೇಡಿ, ಸುಳ್ಳು ಎಂದೂ ಅನ್ನಬೇಡಿ ಎಂದು ಪ್ರವಾದಿ ಹೇಳಿದ್ದು ಬುಖಾರಿಯಲ್ಲಿದೆ. ಬನೀ ಇಸ್ರಾಈಲರ (ಇಸ್ರೇಲ್ ಸಂತತಿಯವರ) ಸಂಗತಿಗಳನ್ನು ಹೇಳಿ, ಅಡ್ಡಿಯಿಲ್ಲ ಎಂಬ ಹದೀಸೂ ಇದೆ. ಪ್ರವಾದಿಯವರ ಸಂಗಾತಿ ಅಬ್ದುಲ್ಲಾಹ್ ಇಬ್ನ್ ಅಮ್ರ್ ತೌರಾತ್ ತಿಳಿದವರು. ಅದರಲ್ಲಿ ಪ್ರವಾದಿಯವರ ವರ್ಣನೆ ಏನಿದೆ ಎಂದು ಕೇಳಿದವರಿಗೆ ಅವರು ಹೇಳಿದ ಸಾಲುಗಳು ಬೈಬಲಿನ ಯೆಶಾಯನ ಪುಸ್ತಕದ 42ನೇ ಅಧ್ಯಾಯವನ್ನು ನೆನಪಿಸುತ್ತವೆ. ಅದು ಐದು ಪುಸ್ತಕಗಳ ಹೊರಗಿನದು. ಅಂದರೆ ಆ ಕಾಲದ ಮುಸ್ಲಿಮರ ಬಾಯಲ್ಲಿ ‘ತೌರಾತ್’ ಎಂಬ ಪದ ಯಹೂದಿಗಳ ಇಡೀ ಗ್ರಂಥಕ್ಕೂ ಸಲ್ಲುತ್ತಿತ್ತು. ಸಾಮಾನ್ಯ ಜನ ಓದಿದರೆ ಗೊಂದಲವಾಗುತ್ತದೆ ಎಂದು ಎಚ್ಚರಿಸಿದ ಉಲಮಾಗಳು (ಧರ್ಮಪಂಡಿತರು) ಜಾಸ್ತಿ. ನಿಮ್ಮ ಗೆಳೆಯನ ಕಪಾಟು ಖಾಲಿ ಇರುವುದಕ್ಕೆ ಒಂದು ಕಾರಣ ಅದು. ಇನ್ನೊಂದು ಕಾರಣ ಇನ್ನೂ ಸರಳ. ಮೂಸಾ ಅವರ ಕಥೆ ಅವನಿಗೆ ಕುರ್‌ಆನಿನಲ್ಲೇ ಮತ್ತೆ ಮತ್ತೆ ಸಿಗುತ್ತದೆ.

ಒಂದು ಕೆಲಸ ಮಾಡಿ. ಒಂದು ಸಂಜೆ ಇಬ್ಬರೂ ಕೂತು ವಿಮೋಚನಕಾಂಡದ 2ನೇ ಅಧ್ಯಾಯವನ್ನೂ ಕುರ್‌ಆನಿನ 20 ಮತ್ತು 28ನೇ ಅಧ್ಯಾಯಗಳನ್ನೂ ಪಕ್ಕಪಕ್ಕ ಇಟ್ಟು ಓದಿ. ಕೂಸನ್ನು ನದಿಗೆ ಬಿಟ್ಟ ತಾಯಿ. ಏನಾಗುತ್ತದೋ ಎಂದು ದೂರದಿಂದ ನೋಡುವ ಅಕ್ಕ. ಒಂದರಲ್ಲಿ ಮಗುವನ್ನು ಉಳಿಸಿಕೊಂಡವಳು ಫರೋಹನ ಮಗಳು, ಇನ್ನೊಂದರಲ್ಲಿ ಹೆಂಡತಿ. ಆದರೆ ಆ ಅಕ್ಕ ಮುಂದೆ ಬಂದು, ಇದಕ್ಕೆ ಹಾಲುಣಿಸುವವರನ್ನು ತೋರಿಸಲಾ ಎಂದು ಕೇಳುವುದು ಎರಡರಲ್ಲೂ ಇದೆ. ತಾಯಿಯ ಹೃದಯ ಬರಿದಾಗಿ ಹೋಗಿತ್ತು ಎಂದು ಕುರ್‌ಆನ್ ಹೇಳುತ್ತದೆ. ಮಗು ಮತ್ತೆ ಮಡಿಲಿಗೆ ಬಂದದ್ದು ಯಾಕೆ ಎಂಬುದಕ್ಕೆ ಅದು ಬಳಸುವ ಅರಬಿ ಮಾತು ‘ತಕರ್‍ರ ಐನುಹಾ’. ಇದನ್ನು ಕನ್ನಡಕ್ಕೆ ತರಲು ಕಷ್ಟಪಡಬೇಕಿಲ್ಲ. ನಮ್ಮ ಅಜ್ಜಿಯಂದಿರು ಹೇಳುವ ಮಾತೇ ಅದು: ಅವಳ ಕಣ್ಣು ತಂಪಾಗಲಿ ಎಂದು.