ಗೇಜು ಸರಿ ಅಂದರೂ ಹಲ್ಲು ಒಪ್ಪಬೇಕು

ಹಿಂದಿನ ಚಕ್ರಗಳಿಂದ ಓಡುವ ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಆಕ್ಸಲ್ ನಡುವೆ ಗುಂಡಗಿನ ಉಬ್ಬು ಕಾಣುತ್ತದೆ. ಅದೇ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ, ಒಳಗಿನದು ಕಮ್ಮಿ ಸುತ್ತಲು ಬಿಡುವುದು ಅದರ ಕೆಲಸ ಅಂತ ಶಾಲೆಯಲ್ಲೇ ಓದಿರುತ್ತೇವೆ. ಆದರೆ ಅದನ್ನು ಬಿಚ್ಚಿ ಕೂತವರ ತಲೆ ತಿನ್ನುವುದು ಆ ಭಾಗವಲ್ಲ. ಎಂಜಿನ್ ಕಡೆಯಿಂದ ಬರುವ ಚಿಕ್ಕ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರ ಕ್ರೌನ್ ವೀಲ್, ಈ ಜೋಡಿ.

ಪಿನಿಯನ್ ಅಲ್ಲಾಡದಂತೆ ಹಿಡಿದು ಕ್ರೌನ್ ವೀಲನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಸಣ್ಣಗೆ ಟಿಕ್ ಟಿಕ್ ಅನ್ನುತ್ತದೆ. ಹಲ್ಲು ಹಲ್ಲಿನ ನಡುವಿನ ಆ ಸಂದೇ ಬ್ಯಾಕ್‌ಲ್ಯಾಶ್. ಎಷ್ಟಿರಬೇಕು ಅನ್ನುವುದು ಆಯಾ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬಹಳಷ್ಟು ಕಾರುಗಳಲ್ಲಿ 0.13ರಿಂದ 0.20 ಮಿ.ಮೀ. ಆಸುಪಾಸು. ಅಂದರೆ ಎರಡು ತಲೆಗೂದಲು ಜೋಡಿಸಿಟ್ಟಷ್ಟು. ಸಂದೇ ಇಲ್ಲದಿದ್ದರೆ ಎಣ್ಣೆಗೆ ಜಾಗವಿಲ್ಲ. ಬಿಸಿಗೆ ಲೋಹ ಹಿಗ್ಗಿದಾಗ ಹಲ್ಲುಗಳು ಒಂದನ್ನೊಂದು ಕಚ್ಚಿ ಸವೆಯುತ್ತವೆ. ಜಾಸ್ತಿಯಾದರೆ ಆಕ್ಸಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಹಲ್ಲಿಗೆ ಏಟು.

ಅಳೆಯಲು ಡಯಲ್ ಗೇಜ್ ಬೇಕು, ಅಂದರೆ ತುದಿ ಚೂರು ಸರಿದರೂ ಮುಳ್ಳು ತಿರುಗಿ ಅಂಕಿ ತೋರಿಸುವ ಸಾಧನ. ಅದರ ತುದಿ ಕ್ರೌನ್ ವೀಲಿನ ಹಲ್ಲಿಗೆ ಹೊರ ಅಂಚಿನ ಹತ್ತಿರ ನೆಟ್ಟಗೆ ತಾಗಬೇಕು. ಓರೆಯಾದರೆ ಅಂಕಿ ಸುಳ್ಳು. ಸುತ್ತ ಮೂರ್ನಾಲ್ಕು ಕಡೆ ಅಳೆಯಿರಿ. ಒಂದೊಂದು ಕಡೆ ಒಂದೊಂದು ಬಂದರೆ ಕ್ರೌನ್ ವೀಲ್ ವಾಲಿ ಕೂತಿದೆ. ಎಷ್ಟೋ ಸಲ ಅದರ ಅಡಿಯಲ್ಲಿ ಸಿಕ್ಕಿಕೊಂಡ ಸಣ್ಣ ಲೋಹದ ಚೂರೇ ಕಾರಣ. ಸಂದು ಹೆಚ್ಚು ಕಮ್ಮಿ ಮಾಡುವುದು ಸುಲಭ. ಶಿಮ್ ಅಂದರೆ ದಪ್ಪ ಹೊಂದಿಸಲು ಇಡುವ ತೆಳು ಲೋಹದ ಬಿಲ್ಲೆ. ಒಂದು ಪಕ್ಕದಿಂದ ತೆಗೆದ ಶಿಮ್‌ನಷ್ಟೇ ದಪ್ಪವನ್ನು ಇನ್ನೊಂದು ಪಕ್ಕಕ್ಕೆ ಸೇರಿಸಿದರೆ ಕ್ರೌನ್ ವೀಲ್ ಸರಿಯುತ್ತದೆ, ಬೇರಿಂಗ್‌ಗಳ ಬಿಗಿ ಬದಲಾಗುವುದಿಲ್ಲ.

ಗೇಜ್ ಸರಿ ತೋರಿಸಿತು, ಕೆಲಸ ಮುಗಿಯಿತು ಅಂತ ಮುಚ್ಚಳ ಹಾಕುವವರಿದ್ದಾರೆ. ಎಡವುವುದು ಇಲ್ಲೇ. ಪಿನಿಯನ್ ತಪ್ಪು ಆಳದಲ್ಲಿ, ಅಂದರೆ ಕ್ರೌನ್ ವೀಲಿನತ್ತ ಬೇಕಾದ್ದಕ್ಕಿಂತ ಒಳಗೋ ಹೊರಗೋ ಕೂತಿದ್ದರೂ ಕ್ರೌನ್ ವೀಲನ್ನು ಅತ್ತಿತ್ತ ಸರಿಸಿ ಬ್ಯಾಕ್‌ಲ್ಯಾಶ್ ಸರಿಮಾಡಿಬಿಡಬಹುದು. ಹಲ್ಲುಗಳು ಎಲ್ಲಿ ಮುಟ್ಟುತ್ತಿವೆ ಅಂತ ಗೇಜಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಅದಕ್ಕೇ ಬಣ್ಣ. ಮೂರ್ನಾಲ್ಕು ಹಲ್ಲುಗಳಿಗೆ ಎರಡೂ ಮೈಗೆ ಹಳದಿ ಮಾರ್ಕಿಂಗ್ ಪೇಸ್ಟನ್ನು ತೆಳ್ಳಗೆ ಬಳಿಯಬೇಕು. ಕ್ರೌನ್ ವೀಲಿಗೆ ಸ್ವಲ್ಪ ತಡೆ ಕೊಟ್ಟು ಪಿನಿಯನ್ ತಿರುಗಿಸಬೇಕು. ಸುಮ್ನೆ ಹಗುರಾಗಿ ತಿರುಗಿಸಿದರೆ ಗುರುತು ಸರಿಯಾಗಿ ಬೀಳಲ್ಲ. ಬಣ್ಣ ಬಳಿದ ಹಲ್ಲು ಮತ್ತೆ ಎದುರಿಗೆ ಬಂದಾಗ ನೋಡಿ: ಹಳದಿಯ ನಡುವೆ ಮೊಟ್ಟೆಯಾಕಾರದ ಒಂದು ಜಾಗದಲ್ಲಿ ಬಣ್ಣ ಹಿಂಡಿ ಹೋಗಿ ಉಕ್ಕು ಹೊಳೆಯುತ್ತಿರುತ್ತದೆ. ಅದರ ಅಂಚಿಗೆ ಬಣ್ಣ ಏರಿಯಂತೆ ಒಟ್ಟಿಕೊಂಡಿರುತ್ತದೆ.

ಆ ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ತೀರಾ ಒಳಗಿದೆ. ನೆತ್ತಿಗೆ ಹತ್ತಿದ್ದರೆ ತೀರಾ ಹೊರಗಿದೆ. ಎರಡೂ ಅಲ್ಲದೆ ಎತ್ತರದ ನಡುವೆಯೇ ಇರಬೇಕು. ಉದ್ದದಲ್ಲಿ ಮಾತ್ರ ಒಳತುದಿಯ ಕಡೆ ಚೂರು ವಾಲಿದ್ದರೆ ಹೆದರಬೇಡಿ. ಭಾರ ಬಿದ್ದಾಗ ಗೇರು, ಬೇರಿಂಗು, ಹೌಸಿಂಗು ಎಲ್ಲ ತುಸು ಬಾಗುತ್ತವೆ, ಗುರುತು ಹೊರಕ್ಕೆ ಜಾರುತ್ತದೆ.

ಪಿನಿಯನ್ ಆಳ ಬದಲಿಸುವುದೇ ಬೇಸರದ ಕೆಲಸ. ಬಹಳಷ್ಟು ಆಕ್ಸಲ್‌ಗಳಲ್ಲಿ ಶಿಮ್ ಇರುವುದು ಅದರ ಬೇರಿಂಗಿನ ಹಿಂದೆ, ಬೇರಿಂಗೋ ಪ್ರೆಸ್ ಹಾಕಿದರೆ ಮಾತ್ರ ಬರುತ್ತದೆ. ಶಿಮ್ ಬದಲಿಸಿದ ಮೇಲೆ ಬ್ಯಾಕ್‌ಲ್ಯಾಶ್ ಮತ್ತೆ ಮೊದಲಿಂದ. ಪಳಗಿದವರು ಹಳೇ ಬೇರಿಂಗಿನ ಒಳಮೈ ಉಜ್ಜಿ, ಕೈಯಲ್ಲೇ ಹಾಕಿ ತೆಗೆಯುವಷ್ಟು ಸಡಿಲ ಮಾಡಿ ಇಟ್ಟುಕೊಂಡಿರುತ್ತಾರೆ. ಪ್ರಯೋಗವೆಲ್ಲ ಅದರಲ್ಲಿ, ಹೊಸದನ್ನು ಒತ್ತುವುದು ಗುರುತು ಸರಿಬಂದ ಮೇಲೆ.

ಇಷ್ಟೆಲ್ಲ ಬಿಚ್ಚುವ ಮುಂಚೆ ಒಂದು ಮಾತು. ಗಾಡಿ ಹೊರಡುವಾಗ ಕೇಳುವ 'ಟಕ್' ಸದ್ದಿಗೆಲ್ಲ ಬ್ಯಾಕ್‌ಲ್ಯಾಶ್ ಹೊಣೆಯಲ್ಲ. ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ (ಅದರ ಬಾಗುವ ಕೀಲು) ಸವೆದರೂ ಅದೇ ಸದ್ದು. ಮೊದಲು ಅದನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ.