ಸ್ಮಾಲ್‌ವಿಲ್ ಮೊದಲ ಕಂತು: ಕಾನ್ಸಾಸ್ ಹೊಲದಲ್ಲಿ ಬಿದ್ದ ಹಸಿರು ಕಲ್ಲು

ಸೇತುವೆಯ ಕಂಬಿಗೆ ಒರಗಿಕೊಂಡು ಹದಿಹರೆಯದ ಹುಡುಗನೊಬ್ಬ ನಿಂತಿದ್ದಾನೆ. ದುಬಾರಿ ಕಾರೊಂದು ಜೋರಾಗಿ ಬರುತ್ತಿದೆ. ಓಡಿಸುವವನ ಗಮನ ಒಂದು ಕ್ಷಣ ಫೋನಿನ ಕಡೆ ಹೋಗುತ್ತದೆ. ರಸ್ತೆಯಲ್ಲಿ ಬಿದ್ದಿದ್ದ ತಂತಿಯ ಸುರುಳಿ ಚಕ್ರಕ್ಕೆ ಸಿಕ್ಕಿ, ಕಾರು ಹಿಡಿತ ತಪ್ಪಿ, ನೇರವಾಗಿ ಹುಡುಗನಿಗೆ ಬಡಿಯುತ್ತದೆ. ಕಾರೂ ಹುಡುಗನೂ ಕಂಬಿ ಮುರಿದುಕೊಂಡು ನದಿಗೆ ಬೀಳುತ್ತಾರೆ.

ಹುಡುಗ ಕ್ಲಾರ್ಕ್ ಕೆಂಟ್, ಮುಂದೆ ಸೂಪರ್‌ಮ್ಯಾನ್ ಆಗುವವನು. ಕಾರಿನಲ್ಲಿದ್ದವನು ಲೆಕ್ಸ್ ಲೂಥರ್, ಮುಂದೆ ಅವನ ಕಡು ವೈರಿ ಆಗುವವನು. ‘ಸ್ಮಾಲ್‌ವಿಲ್’ ಧಾರಾವಾಹಿಯ ಈ ಮೊದಲ ಕಂತು ಅಮೆರಿಕದಲ್ಲಿ ಪ್ರಸಾರವಾಗಿದ್ದು 2001ರ ಅಕ್ಟೋಬರ್ 16ರಂದು. ಆಮೇಲೆ 2011ರವರೆಗೆ ಹತ್ತು ಸೀಸನ್ ಓಡಿತು. ಇದನ್ನು ರೂಪಿಸಿದ ಆಲ್‌ಫ್ರೆಡ್ ಗಾಫ್ ಮತ್ತು ಮೈಲ್ಸ್ ಮಿಲ್ಲರ್ ತಮಗೆ ತಾವೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದರು: ಸೂಪರ್‌ಮ್ಯಾನ್ ಉಡುಪೂ ಇಲ್ಲ, ಹಾರಾಟವೂ ಇಲ್ಲ. ಕಾಲೇಜು ಮೆಟ್ಟಿಲೂ ಹತ್ತದ ಹುಡುಗ, ಅವನ ಶಾಲೆ, ಅವನ ಸಂಕೋಚ, ಅವನ ಗುಟ್ಟು, ಇಷ್ಟೇ ಕಥೆ.

ನನಗೆ ಈ ಕಂತು ಇಷ್ಟವಾಗುವುದಕ್ಕೆ ಕಾರಣ ಆ ಕಟ್ಟುಪಾಡೇ. ಆಗಲಾರದ ಒಂದೇ ಒಂದು ಸಂಗತಿಯನ್ನು ಇದು ನಮ್ಮ ಮುಂದಿಡುತ್ತದೆ: ಈ ಹುಡುಗನ ಮೈ ಮುರಿಯುವುದಿಲ್ಲ. ಉಳಿದದ್ದೆಲ್ಲ ಪ್ರಕೃತಿಯ ನಿಯಮದಂತೆ ನಡೆದಾಗ ದೃಶ್ಯ ಗಟ್ಟಿಯಾಗಿ ನಿಲ್ಲುತ್ತದೆ. ನಿಯಮ ತಪ್ಪಿದ ಕಡೆ ಕಥೆಯೂ ಸಡಿಲವಾಗುತ್ತದೆ. ಸೇತುವೆಯ ದೃಶ್ಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಸೂಪರ್‌ಹೀರೋ ಕಥೆಗಳಲ್ಲಿ ನಾವು ಸಾಮಾನ್ಯವಾಗಿ ನೋಡುವುದೇ ಬೇರೆ. ಹೀರೋ ನಿಂತಲ್ಲೇ ನಿಂತಿರುತ್ತಾನೆ, ಬಂದ ಗಾಡಿ ಅವನ ಮೈಗೆ ತಾಗಿ ನುಜ್ಜುಗುಜ್ಜಾಗುತ್ತದೆ. ನೋಡಲು ಮಜಾ ಇದೆ, ಆದರೆ ಹಾಗೆ ಆಗುವುದಿಲ್ಲ. ಬಲ ಬೇರೆ, ತೂಕ ಬೇರೆ. ಕಾರಿನ ತೂಕ 1400 ಕಿಲೋ, ಹುಡುಗನ ತೂಕ 85 ಕಿಲೋ, ಕಾರಿನ ವೇಗ ಗಂಟೆಗೆ 100 ಕಿ.ಮೀ. ಎಂದು ಇಟ್ಟುಕೊಳ್ಳಿ. ಡಿಕ್ಕಿಯಾದ ಮೇಲೆ ಇಬ್ಬರೂ ಒಟ್ಟಿಗೆ ಸಾಗಿದರೆ ವೇಗ ಎಷ್ಟಿರುತ್ತದೆ? 1400ನ್ನು 100ರಿಂದ ಗುಣಿಸಿ 1485ರಿಂದ ಭಾಗಿಸಿದರೆ ಸಾಕು, ಗಂಟೆಗೆ ಸುಮಾರು 94 ಕಿ.ಮೀ. ಅಂದರೆ ಕಾರು ಕಳೆದುಕೊಂಡಿದ್ದು ಬರೀ 6 ಕಿ.ಮೀ. ವೇಗ. ಹುಡುಗನ ತೋಳಿನಲ್ಲಿ ಎಷ್ಟೇ ಬಲವಿರಲಿ, ಅವನನ್ನು ನೆಲಕ್ಕೆ ಹಿಡಿದಿಡುವುದು ಶೂ ಮತ್ತು ರಸ್ತೆಯ ನಡುವಿನ ಘರ್ಷಣೆ ಮಾತ್ರ. ಅದು ಅವನ ತೂಕವನ್ನು ಅವಲಂಬಿಸಿದೆ, ತಾಕತ್ತನ್ನಲ್ಲ. ಹಾಗಾಗಿ ಅವನು ಕಾರಿನ ಜೊತೆಗೇ ನದಿಗೆ ಹೋಗಲೇಬೇಕು. ಹೋಗುತ್ತಾನೆ ಕೂಡ! ಬರೆದವರು ಲೆಕ್ಕ ಹಾಕಿದ್ದರೋ ಇಲ್ಲವೋ, ದೃಶ್ಯ ಮಾತ್ರ ಸರಿಯಾಗಿದೆ.

ಇನ್ನೊಂದು ವಿಷಯವನ್ನು ಇಲ್ಲಿ ಗಮನಿಸಬೇಕು. ಆ ಡಿಕ್ಕಿ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮುಗಿಯಿತು ಎಂದುಕೊಂಡರೆ, ಹುಡುಗನ ಮೈಮೇಲೆ ಬಿದ್ದ ಬಲ ಅವನ ತೂಕದ ಸುಮಾರು ಐವತ್ತು ಪಟ್ಟು. ಚರ್ಮ, ಮೂಳೆ ಉಕ್ಕಿನಷ್ಟು ಗಟ್ಟಿ ಇದ್ದರೂ ಅಷ್ಟಕ್ಕೇ ಜೀವ ಉಳಿಯುವುದಿಲ್ಲ. ತಲೆಬುರುಡೆ ಒಡೆಯದಿದ್ದರೂ ಒಳಗಿನ ಮಿದುಳು ಮುಂದಕ್ಕೆ ಹಿಂದಕ್ಕೆ ಬಡಿದುಕೊಳ್ಳುತ್ತದೆ. ಹೆಲ್ಮೆಟ್ ಹಾಕಿದ್ದವರಿಗೂ ಕೆಲವೊಮ್ಮೆ ಮಿದುಳಿಗೆ ಪೆಟ್ಟಾಗುವುದು ಇದೇ ಕಾರಣಕ್ಕೆ. ಅಂದರೆ ಕ್ಲಾರ್ಕ್‌ನ ಮೈಯ ಹೊರಗವಚ ಮಾತ್ರ ಅಲ್ಲ, ಒಳಗಿನ ಮೆದು ಅಂಗಗಳೂ ನಮ್ಮ ಹಾಗಿಲ್ಲ. ಅವನಿಗೆ ತನ್ನ ಬಗ್ಗೆ ತನಗೇ ಹೆದರಿಕೆ ಹುಟ್ಟುವುದು ಇಲ್ಲಿಂದ. ದಡದ ಮೇಲೆ ಲೆಕ್ಸ್‌ಗೆ ಉಸಿರು ಕೊಟ್ಟು ಬದುಕಿಸಿದ ಮೇಲೆ ಅವನ ಮುಖದಲ್ಲಿ ಹೆಮ್ಮೆ ಇಲ್ಲ, ಗಾಬರಿ ಇದೆ. ಕ್ಲಾರ್ಕ್ ಪಾತ್ರ ಮಾಡಿದ ಟಾಮ್ ವೆಲ್ಲಿಂಗ್ ಅದನ್ನು ಹೆಚ್ಚು ಮಾತಿಲ್ಲದೆ ತೋರಿಸುತ್ತಾರೆ.

ನೀರಿನೊಳಗೆ ಕ್ಲಾರ್ಕ್ ಕಾರಿನ ಬಾಗಿಲು ತೆಗೆಯುವುದಿಲ್ಲ, ಮೇಲಿನ ತಗಡನ್ನು ಸಿಪ್ಪೆಯಂತೆ ಸುಲಿದು ಲೆಕ್ಸ್‌ನನ್ನು ಹೊರಗೆಳೆಯುತ್ತಾನೆ. ಮುಳುಗುತ್ತಿರುವ ಕಾರಿನ ಬಾಗಿಲು ತೆಗೆಯುವುದು ನಿಜಕ್ಕೂ ಕಷ್ಟ. ಒಳಗೆ ಇನ್ನೂ ಗಾಳಿ ಇದ್ದಾಗ ಒಂದು ಮೀಟರ್ ಆಳದಲ್ಲಿ ಒಂದು ಚದರ ಮೀಟರ್ ಬಾಗಿಲಿನ ಮೇಲೆ ಹೊರಗಿನ ನೀರು ಸುಮಾರು ಒಂದು ಟನ್ ಭಾರ ಹಾಕುತ್ತದೆ. ಅದಕ್ಕೇ ಕಾರು ನೀರಿಗೆ ಬಿದ್ದರೆ ತಕ್ಷಣ ಕಿಟಕಿ ಇಳಿಸಿ ಹೊರಬರಬೇಕು ಎನ್ನುತ್ತಾರೆ. ಇದು ಕಥೆಗೆ ಸಂಬಂಧವಿಲ್ಲದ ಮಾತು, ಆದರೆ ಎಲ್ಲರಿಗೂ ಗೊತ್ತಿರಬೇಕಾದದ್ದು.

ಕಂತು ಶುರುವಾಗುವುದು ಇದಕ್ಕೂ ಹನ್ನೆರಡು ವರ್ಷ ಹಿಂದೆ, 1989ರ ಅಕ್ಟೋಬರ್‌ನಲ್ಲಿ. ಕಾನ್ಸಾಸ್ ರಾಜ್ಯದ ಸ್ಮಾಲ್‌ವಿಲ್ ಎಂಬ ಪುಟ್ಟ ಊರಿನ ಮೇಲೆ ಉರಿಯುವ ಉಲ್ಕೆಗಳ ಮಳೆ ಸುರಿಯುತ್ತದೆ. ಅದರ ಜೊತೆಗೇ ಬೇರೆ ಗ್ರಹದಿಂದ ಬಂದ ಒಂದು ಪುಟ್ಟ ನೌಕೆ, ಅದರೊಳಗೆ ಪುಟ್ಟ ಕ್ಲಾರ್ಕ್. ಅದೇ ಹೊತ್ತಿಗೆ ಜೋಳದ ಹೊಲದಲ್ಲಿ ಸಿಕ್ಕಿಹಾಕಿಕೊಂಡ ಒಂಬತ್ತು ವರ್ಷದ ಲೆಕ್ಸ್ ಕಡೆಗೆ ಸಾಲು ಸಾಲು ಜೋಳದ ಗಿಡ ಮಲಗಿಸುತ್ತಾ ಆಘಾತದ ಅಲೆಯೊಂದು ನುಗ್ಗಿ ಬರುತ್ತದೆ.

ಆ ಅಲೆ ನನಗೆ ತುಂಬಾ ಹಿಡಿಸಿತು. ಉಲ್ಕೆಯಿಂದ ಆಗುವ ಅನಾಹುತ ಹೆಚ್ಚಾಗಿ ಕಲ್ಲು ಬಡಿದು ಆಗುವುದಿಲ್ಲ, ಗಾಳಿ ಬಡಿದು ಆಗುತ್ತದೆ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕದಲ್ಲಿ ಆಕಾಶದಲ್ಲೇ ಸಿಡಿದ ಒಂದು ಕಾಯ ಸುಮಾರು 2000 ಚದರ ಕಿ.ಮೀ. ಕಾಡನ್ನು ಹೀಗೇ ಮಲಗಿಸಿತ್ತು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸುಮಾರು 20 ಮೀಟರ್ ಗಾತ್ರದ ಕಲ್ಲು 30 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಜನ ಬೆಳಕು ನೋಡಲು ಕಿಟಕಿಗೆ ಬಂದರು. ಆಘಾತದ ಅಲೆ ಬಂದಿದ್ದು ಒಂದೆರಡು ನಿಮಿಷ ತಡವಾಗಿ. ಗಾಯಗೊಂಡ ಸುಮಾರು 1500 ಜನರಲ್ಲಿ ಹೆಚ್ಚಿನವರಿಗೆ ತಗುಲಿದ್ದು ಒಡೆದ ಗಾಜು.

ಆದರೆ ಉರಿಯುತ್ತಲೇ ನೆಲಕ್ಕೆ ಅಪ್ಪಳಿಸುವ ಸಣ್ಣ ಸಣ್ಣ ಕಲ್ಲುಗಳ ಚಿತ್ರ ತಪ್ಪು. ಉಲ್ಕೆ ನಮ್ಮ ವಾತಾವರಣಕ್ಕೆ ಬರುವಾಗ ವೇಗ ಸೆಕೆಂಡಿಗೆ 11ರಿಂದ 72 ಕಿ.ಮೀ. ಸಣ್ಣ ಕಲ್ಲುಗಳು ನೆಲದಿಂದ ಹದಿನೈದಿಪ್ಪತ್ತು ಕಿ.ಮೀ. ಮೇಲಿರುವಾಗಲೇ ಆ ವೇಗವನ್ನೆಲ್ಲ ಕಳೆದುಕೊಳ್ಳುತ್ತವೆ. ಬೆಂಕಿ ಆರುತ್ತದೆ. ಅಲ್ಲಿಂದ ಕೆಳಗೆ ಯಾವುದೇ ಕಲ್ಲಿನ ಹಾಗೆ ಕತ್ತಲಲ್ಲಿ ಸುಮ್ನೆ ಬೀಳುತ್ತವೆ. ಕಂತಿನಲ್ಲಿ ಲಾನಾ ಎಂಬ ಪುಟ್ಟ ಹುಡುಗಿಯ ಅಪ್ಪ ಅಮ್ಮ ಇದ್ದ ಕಾರಿನ ಮೇಲೆ ಉಲ್ಕೆ ಬಿದ್ದು ದೊಡ್ಡ ಸ್ಫೋಟವಾಗುತ್ತದೆ. ನಿಜ ಜೀವನದಲ್ಲಿ 1954ರ ನವೆಂಬರ್ 30ರಂದು ಅಮೆರಿಕದ ಅಲಬಾಮಾದಲ್ಲಿ ಆನ್ ಹಾಜಸ್ ಎಂಬ ಮಹಿಳೆಯ ಮನೆ ಛಾವಣಿ ತೂರಿ ಸುಮಾರು 4 ಕಿಲೋದ ಉಲ್ಕಾಶಿಲೆ ಬಿತ್ತು. ರೇಡಿಯೊಗೆ ತಾಗಿ ಚಿಮ್ಮಿ ಅವರ ಸೊಂಟಕ್ಕೆ ಬಡಿಯಿತು. ಬೆಂಕಿ ಹತ್ತಲಿಲ್ಲ. ದೊಡ್ಡದಾಗಿ ಕಂದಿತು, ಅಷ್ಟೇ.

ಈಗ ಆ ಹಸಿರು ಕಲ್ಲಿಗೆ ಬರೋಣ. ಕಥೆಯಲ್ಲಿ ಕ್ಲಾರ್ಕ್‌ನ ಶಕ್ತಿ ಹೀರುವ ಹಸಿರು ಕಲ್ಲುಗಳು ಕಾನ್ಸಾಸ್ ಹೊಲಗಳ ತುಂಬ ಚದುರಿ ಬಿದ್ದಿವೆ. ಇದು ಬರೀ ಕಲ್ಪನೆ ಎಂದು ತಳ್ಳಿಹಾಕುವ ಮುಂಚೆ ಕಾನ್ಸಾಸ್‌ನ ಕಿಯೋವಾ ಕೌಂಟಿಯ ಕಥೆ ಕೇಳಿ.

ಅಲ್ಲಿ ಹ್ಯಾವಿಲ್ಯಾಂಡ್ ಎಂಬ ಊರಿನ ಸುತ್ತ ಬಯಲು ಭೂಮಿ. ಉಳುವಾಗ ಕಲ್ಲು ಸಿಗುವುದೇ ಅಪರೂಪ. 1880ರ ದಶಕದಲ್ಲಿ ಅಲ್ಲಿ ನೆಲೆಸಿದ ರೈತರ ನೇಗಿಲಿಗೆ ಕಪ್ಪಗಿನ, ವಿಪರೀತ ಭಾರದ ಕಲ್ಲುಗಳು ತಾಗತೊಡಗಿದವು. ಜನ ಅವನ್ನು ಹುಲ್ಲಿನ ಬಣವೆ ಹಾರಿಹೋಗದಂತೆ ಮೇಲೆ ಹೇರಲು ಬಳಸುತ್ತಿದ್ದರು. ಎಲೈಝಾ ಕಿಂಬರ್ಲಿ ಎಂಬ ರೈತ ಮಹಿಳೆಗೆ ಮಾತ್ರ ಇವು ಆಕಾಶದಿಂದ ಬಿದ್ದವು ಎಂಬ ನಂಬಿಕೆ. ಮನೆಯವರು, ನೆರೆಯವರು ನಕ್ಕರೂ ಬಿಡದೆ ವರ್ಷಗಟ್ಟಲೆ ಅವನ್ನು ಕೂಡಿಟ್ಟರು. ವಿಜ್ಞಾನಿಗಳಿಗೆ ಪತ್ರ ಬರೆದರು. ಕೊನೆಗೆ 1890ರಲ್ಲಿ ಟೊಪೀಕಾದ ವಾಷ್‌ಬರ್ನ್ ಕಾಲೇಜಿನ ಭೂವಿಜ್ಞಾನಿ ಫ್ರಾನ್ಸಿಸ್ ಕ್ರೇಗಿನ್ ಬಂದು ನೋಡಿ, ಹೌದು, ಉಲ್ಕಾಶಿಲೆಗಳೇ ಎಂದು ಕೊಂಡುಕೊಂಡರು. ನಕ್ಕವರ ಬಾಯಿ ಮುಚ್ಚಿತು. ಪದವಿ, ಪ್ರಯೋಗಾಲಯ ಯಾವುದೂ ಇಲ್ಲದ ಒಬ್ಬ ಹೆಂಗಸು ಬರೀ ಕಣ್ಣಿನ ಗಮನದಿಂದ ಮಾಡಿದ ಕೆಲಸ ಇದು. ಧಾರಾವಾಹಿಯ ಯಾವ ಪಾತ್ರಕ್ಕಿಂತಲೂ ಎಲೈಝಾ ನನಗೆ ದೊಡ್ಡವರಾಗಿ ಕಾಣುತ್ತಾರೆ.

ಇವನ್ನು ಬ್ರೆನ್‌ಹ್ಯಾಮ್ ಉಲ್ಕಾಶಿಲೆಗಳು ಎನ್ನುತ್ತಾರೆ. ಪಲ್ಲಸೈಟ್ ಎಂಬ ಬಹಳ ಅಪರೂಪದ ಜಾತಿ. ಒಂದು ತುಂಡನ್ನು ತೆಳ್ಳಗೆ ಕೊಯ್ದು, ಹೊಳಪು ಕೊಟ್ಟು ಬೆಳಕಿಗೆ ಹಿಡಿದರೆ ಕಾಣುವುದೇನು ಗೊತ್ತಾ? ಬೆಳ್ಳಿಯಂತೆ ಮಿನುಗುವ ಕಬ್ಬಿಣ ಮತ್ತು ನಿಕ್ಕಲ್‌ನ ಬಲೆ, ಅದರ ಕಣ್ಣುಗಳಲ್ಲಿ ಕೂತ ಹಳದಿ ಮಿಶ್ರಿತ ಹಸಿರು ಹರಳುಗಳು. ಆ ಹರಳು ಒಲಿವಿನ್ ಎಂಬ ಖನಿಜ. ಅದರ ಒಳ್ಳೆಯ ಹರಳನ್ನೇ ಪೆರಿಡಾಟ್ ಎಂದು ಉಂಗುರಕ್ಕೆ ಕೂರಿಸುತ್ತಾರೆ. ಹಾಗಾಗಿ ಲಾನಾ ತನ್ನ ಅಪ್ಪ ಅಮ್ಮನನ್ನು ಕೊಂದ ಉಲ್ಕೆಯ ಹಸಿರು ಚೂರನ್ನು ಕೊರಳಿಗೆ ಹಾಕಿಕೊಂಡಿರುವುದು ಕಾನ್ಸಾಸ್ ಮಟ್ಟಿಗೆ ಅಂಥ ಅಸಂಭವ ಏನಲ್ಲ. ಹ್ಯಾವಿಲ್ಯಾಂಡ್‌ನಲ್ಲಿ ಸುಮಾರು 15 ಮೀಟರ್ ಅಗಲದ ಒಂದು ಪುಟ್ಟ ಗುಳಿಯೂ ಇದೆ, ಅದೇ ಉಲ್ಕೆ ಮಾಡಿದ್ದು. 2005ರಲ್ಲಿ ಅಲ್ಲೇ ಲೋಹಶೋಧಕ ಹಿಡಿದು ಹುಡುಕಿದ ಸ್ಟೀವ್ ಆರ್ನಲ್ಡ್‌ಗೆ ಸುಮಾರು 650 ಕಿಲೋದ ಒಂದೇ ತುಂಡು ಸಿಕ್ಕಿತು.

ಒಲಿವಿನ್ ನಮಗೂ ದೂರದ್ದಲ್ಲ. 1866ರಲ್ಲಿ ನಮ್ಮ ಉಡುಪಿಯಲ್ಲೂ ಒಂದು ಉಲ್ಕಾಶಿಲೆ ಬಿದ್ದಿತ್ತು. ಅದು ಕಾಂಡ್ರೈಟ್ ಎಂಬ ಸಾಮಾನ್ಯ ಜಾತಿಯದು. ಅದರಲ್ಲೂ ಒಲಿವಿನ್ ಇರುತ್ತದೆ, ಕಣ್ಣಿಗೆ ಹೊಡೆಯುವ ಹರಳಾಗಿ ಅಲ್ಲ, ಸಣ್ಣ ಸಣ್ಣ ಕಣಗಳಾಗಿ.

ಇಲ್ಲಿಯವರೆಗೆ ಸರಿ. ಆದರೆ ಕಥೆಯ ಹಸಿರು ಕಲ್ಲಿನಿಂದ ವಿಕಿರಣ ಹೊಮ್ಮಿ ಮನುಷ್ಯರನ್ನು ಬದಲಾಯಿಸುತ್ತದೆ ಎಂಬಲ್ಲಿ ಕಂತು ಜಾರುತ್ತದೆ. ಗ್ರಾನೈಟ್‌ನಲ್ಲಿ ಇರುವ ಯುರೇನಿಯಂ ಉಡುಪಿಯಂಥ ಕಾಂಡ್ರೈಟ್‌ನಲ್ಲಿ ಇರುವುದಕ್ಕಿಂತ ನೂರಾರು ಪಟ್ಟು ಜಾಸ್ತಿ. ಅಂದರೆ ನಮ್ಮ ಅಡುಗೆಮನೆಯ ಗ್ರಾನೈಟ್ ಕಟ್ಟೆಯೇ ಹೆಚ್ಚು ವಿಕಿರಣ ಸೂಸುತ್ತದೆ, ಅದೂ ಹೆದರಬೇಕಾದಷ್ಟಲ್ಲ. ಹೊಲದಲ್ಲಿ ಆ ಅಲೆ ಬಡಿದಾಗ ಲೆಕ್ಸ್‌ನ ಕೂದಲೆಲ್ಲ ಆ ಕ್ಷಣದಲ್ಲೇ ಉದುರಿಹೋಗುತ್ತದೆ. ವಿಕಿರಣದಿಂದ ಕೂದಲು ಉದುರುವುದು ನಿಜ, ಆದರೆ ಅದಕ್ಕೆ ಎರಡು ಮೂರು ವಾರ ಬೇಕು. ಕೂದಲು ಮತ್ತೆಂದೂ ಬಾರದಂತೆ ಮಾಡಲು ಸುಮಾರು 7 ಗ್ರೇ (ಮೈ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ) ಪ್ರಮಾಣದ ವಿಕಿರಣ ಬೇಕು. ಇಡೀ ಮೈಗೆ ಅಷ್ಟು ತಗುಲಿದರೆ ಮನುಷ್ಯ ಬದುಕುವುದೇ ಕಷ್ಟ.

ಕ್ಲಾರ್ಕ್‌ನ ವಿಷಯದಲ್ಲೂ ಇದು ವಿಕಿರಣದಂತೆ ವರ್ತಿಸುವುದಿಲ್ಲ. ಫುಟ್‌ಬಾಲ್ ತಂಡದ ಹುಡುಗರು ಅವನ ಬಟ್ಟೆ ಬಿಚ್ಚಿ, ಎದೆಗೆ ಕೆಂಪು ಬಣ್ಣದಲ್ಲಿ ಅಕ್ಷರ ಬರೆದು, ಜೋಳದ ಹೊಲದಲ್ಲಿ ಬೆರ್ಚಪ್ಪನಂತೆ ಕಟ್ಟಿಹಾಕುತ್ತಾರೆ. ಕೊರಳಲ್ಲಿ ಆ ಹಸಿರು ಕಲ್ಲು. ನೋಡಲು ಸಂಕಟವಾಗುವ ದೃಶ್ಯ, ಶಾಲೆಗಳಲ್ಲಿ ನಡೆಯುವ ಹಿಂಸೆಯನ್ನು ಸಿಹಿ ಹಚ್ಚದೆ ತೋರಿಸಿದ್ದಾರೆ. ಲೆಕ್ಸ್ ಬಂದು ಬಿಡಿಸುತ್ತಾನೆ, ಕಲ್ಲು ಕಳಚಿ ಬೀಳುತ್ತದೆ, ಕ್ಲಾರ್ಕ್ ಕೂಡಲೇ ಚೇತರಿಸಿಕೊಳ್ಳುತ್ತಾನೆ. ವಿಕಿರಣದ ಗಾಯ ಹೀಗೆ ಮಾಯುವುದಿಲ್ಲ. ಜೀವಕೋಶದ ಡಿಎನ್‌ಎಗೆ ಆದ ಹಾನಿ ಮೂಲ ದೂರವಾದರೂ ಉಳಿಯುತ್ತದೆ. ಹತ್ತಿರವಿದ್ದಾಗ ಮಾತ್ರ ಕೆಲಸ ಮಾಡಿ, ದೂರವಾದ ಕೂಡಲೇ ನಿಂತುಹೋಗುವುದು ಅಯಸ್ಕಾಂತದ ಕ್ಷೇತ್ರ ಮಾಡುವ ಕೆಲಸ. ಬರಹಗಾರರು ಹಾಗೇ ಹೇಳಿದ್ದರೆ ಹೆಚ್ಚು ಒಪ್ಪಿಗೆಯಾಗುತ್ತಿತ್ತು.

ಕಂತಿನ ಖಳ ಜೆರೆಮಿ ಕ್ರೀಕ್ ಕೂಡ 1989ರಲ್ಲಿ ಹೀಗೇ ಹೊಲದಲ್ಲಿ ಕಟ್ಟಿಸಿಕೊಂಡವನು. ಈಗ ಮೈಯಿಂದ ವಿದ್ಯುತ್ ಹರಿಸುತ್ತಾ ಸೇಡು ತೀರಿಸಿಕೊಳ್ಳಲು ಬರುತ್ತಾನೆ. ಅವನ ನೋವು ನಿಜವೆನಿಸುತ್ತದೆ, ಆದರೆ ಅವನ ಕಥೆಗೆ ಸಿಗುವ ಸಮಯ ತೀರಾ ಕಡಿಮೆ.

ನನ್ನ ದೊಡ್ಡ ತಕರಾರು ಕ್ಲೋಯಿಯ ಗೋಡೆಯ ಬಗ್ಗೆ. ಕ್ಲೋಯಿ ಶಾಲಾ ಪತ್ರಿಕೆಯ ಸಂಪಾದಕಿ, ಚುರುಕು ಹುಡುಗಿ. ಉಲ್ಕೆ ಬಿದ್ದ ಮೇಲೆ ಊರಲ್ಲಿ ನಡೆದ ವಿಚಿತ್ರಗಳ ಪತ್ರಿಕಾ ತುಣುಕುಗಳನ್ನೆಲ್ಲ ಒಂದು ಗೋಡೆಗೆ ಅಂಟಿಸಿದ್ದಾಳೆ. ಅದರಲ್ಲೇ ಪುಟ್ಟ ಲಾನಾ ಅಳುತ್ತಿರುವ ಚಿತ್ರ ಕಂಡು, ಇದೆಲ್ಲ ತನ್ನಿಂದಾದದ್ದು ಎಂದು ಕ್ಲಾರ್ಕ್ ಕುಸಿಯುತ್ತಾನೆ. ಭಾವನೆಯ ದೃಷ್ಟಿಯಿಂದ ಕಂತಿನ ಜೀವಾಳ ಅದೇ. ಆದರೆ ಆ ಗೋಡೆ ಸಾಕ್ಷಿ ಆಗುವುದಿಲ್ಲ. 1989ಕ್ಕಿಂತ ಹಿಂದೆ ಅಲ್ಲಿ ಎಷ್ಟು ವಿಚಿತ್ರ ನಡೆದಿತ್ತು? ಉಲ್ಕೆ ಬೀಳದ ಪಕ್ಕದ ಊರಲ್ಲಿ ಎಷ್ಟು? ಈ ಎರಡು ಪ್ರಶ್ನೆ ಕೇಳದೆ ಬರೀ ಹೊಂದುವ ತುಣುಕುಗಳನ್ನೇ ಅಂಟಿಸುತ್ತಾ ಹೋದರೆ ಯಾವ ಊರಲ್ಲಾದರೂ ಗೋಡೆ ತುಂಬುತ್ತದೆ. ಪತ್ರಕರ್ತೆಯಾಗುವ ಕನಸು ಕಾಣುವ ಹುಡುಗಿಯ ಬಾಯಲ್ಲಿ ಈ ಪ್ರಶ್ನೆ ಬರಬೇಕಿತ್ತು. ಬರಲಿಲ್ಲ. ಹಾಗಾಗಿ ಮುಂದಿನ ಕಂತುಗಳಲ್ಲಿ ಹಸಿರು ಕಲ್ಲು ಏನು ಬೇಕಾದರೂ ಮಾಡತೊಡಗುತ್ತದೆ: ಒಬ್ಬ ಕೀಟದಂತಾಗುತ್ತಾನೆ, ಒಬ್ಬ ಬೆಂಕಿ ಹಚ್ಚುತ್ತಾನೆ, ಒಬ್ಬಳು ರೂಪ ಬದಲಾಯಿಸುತ್ತಾಳೆ.

ಇವುಗಳಲ್ಲಿ ಒಂದನ್ನು ಆರಿಸಿ ನೋಡಬೇಕೆಂದರೆ ಐದನೇ ಕಂತು ನೋಡಿ. ಹೆಪ್ಪುಗಟ್ಟಿದ ಕೆರೆಗೆ ಬಿದ್ದು ಬಂದ ಹುಡುಗನ ಮೈ ಬಿಸಿ ಹಿಡಿದಿಟ್ಟುಕೊಳ್ಳಲಾರದು, ಬದುಕಲು ಬೇರೆಯವರ ಮೈಯಿಂದ ಶಾಖ ಎಳೆದುಕೊಳ್ಳಬೇಕು. ಕಲ್ಲು ಅದನ್ನು ಹೇಗೆ ಮಾಡಿಸಿತು ಎಂಬುದಕ್ಕೆ ಉತ್ತರವಿಲ್ಲ. ಆದರೆ ಅವನಿಗೆ ಬೇಕಾದ ಶಾಖ ಎಲ್ಲಿಂದ ಬಂತು, ಯಾರಿಂದ ಹೋಯಿತು ಎಂಬ ಲೆಕ್ಕವಾದರೂ ಅಲ್ಲಿದೆ.